ಮೂವತ್ತೊಂದು ಊರುಗಳನ್ನು ನೋಡಿದ ಮೇಲೆ

ಆಪ್ತ ಸಮಾಲೋಚಕಿಯಾದ ನನ್ನ ಬಳಿಗೆ ಬಂದ ಈ ಪ್ರಕರಣವನ್ನು ಬರೆಯಲು ದಂಪತಿಗಳಿಬ್ಬರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಹೆಸರನ್ನೂ ಕುಟುಂಬದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಇಲ್ಲಿ ಪತ್ನಿಯನ್ನು ಶಾಲ್ಮಲಾ ಎಂದು ಕರೆಯುತ್ತೇನೆ. ಧಾರವಾಡದ ಕಡೆಯವರು, ವಯಸ್ಸು 32, ಆರು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವರು. ಪತಿಯ ಸಾಫ್ಟ್‌ವೇರ್ ಉದ್ಯೋಗದ ನಿಮಿತ್ತ ಅವಲಂಬಿತರ ವೀಸಾದ ಮೇಲೆ ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಪಟ್ಟಣಕ್ಕೆ ಹೋಗಿ 14 ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ನವೆಂಬರ್ ಕೊನೆಯ ವಾರದಲ್ಲಿ ವಿಡಿಯೊ ಕರೆಯ ಮೂಲಕ ಮೊದಲ ಭೇಟಿ ನಡೆಯಿತು. ಅಲ್ಲಿ ಬೆಳಗಿನ ಹತ್ತು ಗಂಟೆ, ನನಗೆ ಮಧ್ಯಾಹ್ನ ಮೂರೂವರೆ.

ಪ್ರತಿ ಭಾನುವಾರ ಸಂಜೆ ತಡೆಯಲಾಗದಷ್ಟು ಅಳು ಬರುತ್ತದೆ, ಸೋಮವಾರದಿಂದ ಶುಕ್ರವಾರದವರೆಗೆ ಮನೆಯಿಂದ ಹೊರಗೆ ಕಾಲಿಡುವ ಮನಸ್ಸೇ ಆಗುವುದಿಲ್ಲ ಎಂಬುದು ಅವರು ಹೇಳಿಕೊಂಡ ತೊಂದರೆ. ಆದರೆ ಅದನ್ನು ಹೇಳುವಾಗ ಅವರ ದನಿಯಲ್ಲಿ ದುಃಖಕ್ಕಿಂತ ಅಪರಾಧ ಭಾವವೇ ಹೆಚ್ಚಾಗಿತ್ತು. ಏಕೆಂದರೆ ಶನಿವಾರ, ಭಾನುವಾರಗಳಲ್ಲಿ ಪತಿ ಅವರನ್ನು ಒಂದಲ್ಲ ಒಂದು ಕಡೆಗೆ ಕರೆದೊಯ್ಯುತ್ತಿದ್ದರು: ಬಾತ್ ಪಟ್ಟಣದ ರೋಮನ್ ಸ್ನಾನಗೃಹ, ಸ್ಟೋನ್‌ಹೆಂಜ್‌ನ ಕಲ್ಲುಗಳು, ಆಕ್ಸ್‌ಫರ್ಡ್, ಕೇಂಬ್ರಿಜ್, ಸಮುದ್ರದಂಚಿನ ಸೆವೆನ್ ಸಿಸ್ಟರ್ಸ್ ಸುಣ್ಣದ ಬಂಡೆಗಳು, ಉತ್ತರದ ಲೇಕ್ ಡಿಸ್ಟ್ರಿಕ್ಟ್. ಎಣಿಸಿದರೆ ಒಟ್ಟು 31 ಊರುಗಳಾಗಿದ್ದವು. ಆ ಫೋಟೊಗಳೆಲ್ಲ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತಿದ್ದವು. ಒಮ್ಮೆ ಧೈರ್ಯ ಮಾಡಿ ಅತ್ತೆಯ ಬಳಿ ಬೇಸರ ತೋಡಿಕೊಂಡಾಗ ಬಂದ ಉತ್ತರ, "ನಿನಗೇನ ಕಡಿಮಿ ಆಗೇತವ್ವಾ, ರಾಣಿ ಹಂಗ ತಿರಗಾಡಾಕತ್ತಿ" ಎಂಬುದಾಗಿತ್ತು.

ಈ ಮಾತನ್ನು ನಾನು ಬಹಳ ಹೊತ್ತು ಯೋಚಿಸಿದೆ. ಅತ್ತೆ ಕೇಡು ಬಯಸಿ ಆಡಿದ ಮಾತು ಅದಲ್ಲ. ಆದರೂ ಆಗಿದ್ದೇನೆಂದರೆ, ನೋಡಿದ ಪ್ರತಿಯೊಂದು ಊರೂ ಶಾಲ್ಮಲಾ ಅವರ ದುಃಖಕ್ಕೆ ಎದುರು ಸಾಕ್ಷಿಯಾಗಿ ನಿಂತುಬಿಟ್ಟಿತ್ತು. ಅವರೇ ಹೇಳಿದ ಮಾತನ್ನು ಹಾಗೆಯೇ ಕೊಡುತ್ತೇನೆ: "ಮೂವತ್ತೊಂದು ಊರು ನೋಡೀನ್ರಿ ಮೇಡಂ, ಆದ್ರ ಒಂದ ಊರಾಗೂ ನನ್ನ ಹೆಸರ ಹಿಡದ ಕರಿಯೋರು ಯಾರೂ ಇಲ್ಲ."

ವಿದೇಶದಿಂದ ಬರುವ ಇಂಥ ಪ್ರಕರಣಗಳಲ್ಲಿ ಸಲಹೆಗೆ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿರುತ್ತವೆ. ನಿದ್ರೆ, ಊಟ ಹೇಗಿದೆ, ಸಾಯಬೇಕೆಂಬ ಯೋಚನೆ ಬಂದಿದೆಯೇ, ಪಾಸ್‌ಪೋರ್ಟು ಯಾರ ಬಳಿ ಇದೆ, ಕೈಯಲ್ಲಿ ಸ್ವಂತಕ್ಕೆ ಹಣವಿದೆಯೇ ಎಂಬುದನ್ನು ಪತಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಒಂದೊಂದಾಗಿ ಕೇಳಿದೆ. ದಬ್ಬಾಳಿಕೆಯ ಲಕ್ಷಣವೇನೂ ಕಾಣಲಿಲ್ಲ, ಸಾವಿನ ಯೋಚನೆಯಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಆದರೆ ಅವರ ಹೆಸರಿನಲ್ಲಿ ಬ್ಯಾಂಕ್ ಖಾತೆಯಿರಲಿಲ್ಲ, ಬಸ್ಸಿನಲ್ಲಿ ಒಬ್ಬರೇ ಒಮ್ಮೆಯೂ ಹತ್ತಿರಲಿಲ್ಲ. ಯಾರೂ ತಡೆದಿರಲಿಲ್ಲ, ಬೇಕಾದ ಸಂದರ್ಭವೇ ಬರದಂತೆ ಪತಿಯ ಕಾಳಜಿ ಎಲ್ಲವನ್ನೂ ಮೊದಲೇ ಮಾಡಿ ಮುಗಿಸಿರುತ್ತಿತ್ತು.

ಎರಡನೆಯ ಭೇಟಿಯಲ್ಲಿ, ಆ 31 ಊರುಗಳಲ್ಲಿ ಮತ್ತೊಮ್ಮೆ ಹೋಗಬೇಕೆನಿಸಿದ್ದು ಯಾವುದು ಎಂದು ಕೇಳಿದೆ. ಅವರು ಹೇಳಿದ್ದು ಯಾವ ಪ್ರಸಿದ್ಧ ಸ್ಥಳವನ್ನೂ ಅಲ್ಲ, ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ರೆಡಿಂಗ್ ವಸ್ತುಸಂಗ್ರಹಾಲಯವನ್ನು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆ ಹೇಳುವ ಬಾಯೋ ಕಸೂತಿಪಟದ ಪೂರ್ಣ ಅಳತೆಯ ಪ್ರತಿ ಅಲ್ಲಿದೆ. ಸುಮಾರು 70 ಮೀಟರ್ ಉದ್ದದ ಆ ಬಟ್ಟೆಯನ್ನು 1885–86ರಲ್ಲಿ ಲೀಕ್ ಎಂಬ ಊರಿನ ಹೆಣ್ಣುಮಕ್ಕಳು ಎಲಿಜಬೆತ್ ವಾರ್ಡ್ಲ್ ಅವರ ಮುಂದಾಳತ್ವದಲ್ಲಿ ಉಣ್ಣೆಯ ದಾರದಿಂದ ಕಸೂತಿ ಹಾಕಿ ಮಾಡಿದರು, ತಾವು ಕಸೂತಿ ಹಾಕಿದ ಭಾಗದ ಕೆಳಗೆ ತಮ್ಮ ಹೆಸರುಗಳನ್ನೂ ಹೊಲಿದರು. ಶಾಲ್ಮಲಾ ಅವರ ತಾಯಿ ಇಂದಿಗೂ ಧಾರವಾಡದಲ್ಲಿ ಇಳಕಲ್ ಸೀರೆಗಳಿಗೆ ಕಸೂತಿ ಹಾಕುವವರು. ಗವಂತಿ, ಮುರಗಿ, ನೇಗಿ, ಮೆಂಥಿ ಎಂದು ಹೊಲಿಗೆಗಳ ಹೆಸರನ್ನು ಕೇಳುತ್ತಲೇ ಬೆಳೆದ ಮಗಳು ಆ ಪಟದ ಮುಂದೆ ನಿಂತಾಗ, ಪಾರ್ಕಿಂಗ್ ಅವಧಿ ಮುಗಿಯುತ್ತದೆಂದು ಅರ್ಧ ಗಂಟೆಗೇ ಹೊರಬರಬೇಕಾಗಿತ್ತು. ಇದನ್ನು ಹೇಳುವಾಗ ಅವರು ಮೊದಲ ಬಾರಿಗೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮಾತನಾಡಿದರು.

ಆದ್ದರಿಂದ ನನ್ನ ಮೊದಲ ಸಲಹೆ ಹೆಚ್ಚು ಊರು ನೋಡುವುದಾಗಲಿ ಸುತ್ತಾಟವನ್ನೇ ಬಿಡುವುದಾಗಲಿ ಆಗಿರಲಿಲ್ಲ. ಪ್ರತಿ ಗುರುವಾರ, ಅದೇ ಹೊತ್ತಿಗೆ, ಅದೇ ವಸ್ತುಸಂಗ್ರಹಾಲಯಕ್ಕೆ ಒಬ್ಬರೇ ನಡೆದು ಹೋಗಬೇಕು, ಫೋಟೊ ತೆಗೆಯಬಾರದು, ಒಂದು ದಿನಕ್ಕೆ ಪಟದ ಒಂದೇ ಭಾಗ ನೋಡಬೇಕು, ಮರಳುವಾಗ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ತಮ್ಮ ಹೆಸರಿನಲ್ಲಿ ಸದಸ್ಯತ್ವದ ಕಾರ್ಡು ಮಾಡಿಸಿಕೊಳ್ಳಬೇಕು ಎಂದೆ. ಪ್ರವೇಶ ಉಚಿತ, ಕಾರ್ಡೂ ಉಚಿತ. ಒಂದು ಜಾಗ ನಮ್ಮದಾಗುವುದು ಅಲ್ಲಿಗೆ ಮತ್ತೆ ಮತ್ತೆ ಹೋಗುವುದರಿಂದ, ಬಾಗಿಲಲ್ಲಿ ನಿಂತವರು "ಹೋದ ವಾರವೂ ಬಂದಿದ್ದಿರಲ್ಲ" ಎನ್ನುವುದರಿಂದ. ಧಾರವಾಡದ ಲೈನ್ ಬಜಾರ್ ಅವರಿಗೆ ಆಪ್ತವಾದದ್ದೂ ಹಾಗೆಯೇ ಅಲ್ಲವೇ ಎಂದು ಕೇಳಿದಾಗ ಅವರು ಒಪ್ಪಿದರು.

ಬೆಳಕಿನ ವಿಷಯವನ್ನೂ ಬಿಡುವಂತಿರಲಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನ ಹನ್ನೆರಡರ ಒಳಗೆ, ಮಳೆ ಹನಿಯುತ್ತಿದ್ದರೂ, ಥೇಮ್ಸ್ ದಂಡೆಯ ಕಾಲುದಾರಿಯಲ್ಲಿ ದಿನವೂ ಅರ್ಧ ಗಂಟೆ ನಡೆಯಲು ಹೇಳಿದೆ. ವಿಟಮಿನ್ ಡಿ ಬಗ್ಗೆ ವೈದ್ಯರನ್ನು ಕೇಳಲು ತಿಳಿಸಿದೆ. ಕಪ್ಪು ಅಥವಾ ಕಂದು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೊಗ್ರಾಂ ತೆಗೆದುಕೊಳ್ಳುವುದನ್ನು ಪರಿಗಣಿಸಬೇಕೆಂಬ ಸಲಹೆ ಅಲ್ಲಿನ ಆರೋಗ್ಯ ಇಲಾಖೆಯದ್ದೇ ಆಗಿದೆ. ಅಳು ಕಡಿಮೆಯಾಗದಿದ್ದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ 'ಟಾಕಿಂಗ್ ಥೆರಪೀಸ್' ಎಂಬ ಮಾತಿನ ಚಿಕಿತ್ಸೆಯ ಸೇವೆಗೆ ವೈದ್ಯರ ಚೀಟಿಯಿಲ್ಲದೆಯೇ ನೇರವಾಗಿ ಹೆಸರು ಕೊಡಬಹುದೆಂದೂ, ಅದು ಮನಸ್ಸು ಕೆಟ್ಟವರಿಗೆ ಮಾತ್ರವೆಂಬ ಅಂಜಿಕೆ ಬೇಡವೆಂದೂ ವಿವರಿಸಿದೆ. ದೂರದಲ್ಲಿರುವ ನಾನು ಹತ್ತಿರದ ವೈದ್ಯರಿಗೆ ಬದಲಿಯಾಗಲಾರೆ.

ಪತಿಯೊಂದಿಗೆ ಎರಡು ಜಂಟಿ ಭೇಟಿಗಳಾದವು. ಅವರಿಗೆ ನೋವಾಗಿತ್ತು, ಆಗಬೇಕಾದದ್ದೇ. ಐದು ದಿನ ದುಡಿದು ದಣಿದಿದ್ದರೂ ಎರಡು ದಿನ ಕಾರು ಓಡಿಸಿದವರು ಅವರು. ಮಾತಿನ ನಡುವೆ ಒಂದು ಸಂಗತಿ ಹೊರಬಂತು: ಅವರ ತಂದೆಯು ತಾಯಿಯನ್ನು ಸವದತ್ತಿಯ ಎಲ್ಲಮ್ಮನ ಜಾತ್ರೆ ಬಿಟ್ಟರೆ ಎಲ್ಲಿಗೂ ಕರೆದೊಯ್ದಿರಲಿಲ್ಲ, ತನ್ನ ಹೆಂಡತಿಗೆ ಹಾಗಾಗಬಾರದೆಂದು ಅವರು ಹುಡುಗರಾಗಿದ್ದಾಗಲೇ ನಿಶ್ಚಯಿಸಿದ್ದರು. ಇದನ್ನು ಕೇಳಿದಾಗ ಶಾಲ್ಮಲಾ ಬಹಳ ಹೊತ್ತು ಮಾತನಾಡಲಿಲ್ಲ. ಆ ಕಾರಣ ಅವರಿಗೂ ಗೊತ್ತಿರಲಿಲ್ಲ. ಪತಿಗೆ ನಾನು ಹೇಳಿದ್ದು ಎರಡೇ: ತಿಂಗಳಲ್ಲಿ ಎರಡು ವಾರಾಂತ್ಯ ಎಲ್ಲಿಗೂ ಹೋಗಬೇಡಿ, ಹೋಗುವ ದಿನದ ಯೋಜನೆ, ಟಿಕೆಟ್ಟು, ದಾರಿ ಎಲ್ಲವನ್ನೂ ಹೆಂಡತಿಗೆ ಬಿಡಿ, ಅವರು ದಾರಿ ತಪ್ಪಿದರೂ ತಿದ್ದಬೇಡಿ. ಶಾಲ್ಮಲಾ ಹೆಸರಿನಲ್ಲಿ ಬ್ಯಾಂಕ್ ಖಾತೆಯನ್ನು ಅದೇ ವಾರ ತೆರೆದರು.

ಜನವರಿಯಲ್ಲಿ ಶಾಲ್ಮಲಾ ಒಬ್ಬರೇ ಲಂಡನ್ನಿಗೆ ಹೋಗಿಬಂದರು. ಬೆಳಗಿನ ದಟ್ಟಣೆಯ ಹೊತ್ತು ಕಳೆದ ಮೇಲೆ ಟಿಕೆಟ್ ಅಗ್ಗವೆಂದು ತಾವೇ ಕಂಡುಕೊಂಡು, ಪ್ಯಾಡಿಂಗ್ಟನ್‌ನಲ್ಲಿ ಇಳಿದು, ಬೇಕರ್‌ಲೂ ಮೆಟ್ರೊ ಹಿಡಿದು, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಬಳಿ ಕುಳಿತು ಕಟ್ಟಿಕೊಂಡು ಹೋಗಿದ್ದ ಚಪಾತಿ ತಿಂದರಂತೆ. ಗಂಡನೊಂದಿಗೆ ಮೊದಲು ಬಂದಾಗ ಅಲ್ಲಿ ಎಂಟು ನಿಮಿಷ ನಿಂತಿದ್ದರು, ಈ ಸಲ ಒಂದೂವರೆ ಗಂಟೆ. ವಾಪಸ್ಸು ಬರುವಾಗ ತಪ್ಪು ಪ್ಲಾಟ್‌ಫಾರ್ಮ್‌ಗೆ ಹೋಗಿ ಒಂದು ರೈಲು ತಪ್ಪಿಸಿಕೊಂಡದ್ದನ್ನು ಅವರು ಸಂತೋಷದಿಂದಲೇ ವಿವರಿಸಿದರು.

ಭಾನುವಾರದ ಅಳು ಪೂರ್ತಿ ನಿಂತಿಲ್ಲ. ಮಾರ್ಚ್‌ನಲ್ಲಿ ಎರಡು ಬಾರಿ ಬಂದಿತ್ತು. ಉದ್ಯೋಗದ ಪ್ರಶ್ನೆಯೂ ಬಾಕಿಯಿದೆ. ಅವರ ವೀಸಾದಲ್ಲಿ ದುಡಿಯಲು ಅವಕಾಶವಿದ್ದರೂ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪೂರ್ಣ ಪ್ರಮಾಣದ ಶಿಕ್ಷಕರಾಗಲು ಸಾಮಾನ್ಯವಾಗಿ ಬೇರೆ ಅರ್ಹತೆ ಪಡೆಯಬೇಕಾಗುತ್ತದೆ. ಸದ್ಯಕ್ಕೆ ಸಹಾಯಕ ಶಿಕ್ಷಕಿಯ ಕೆಲಸಗಳನ್ನು ನೋಡುತ್ತಿದ್ದಾರೆ. ಜೂನ್‌ನಲ್ಲಿ ಅವರ ತಾಯಿ ಬರುವವರಿದ್ದಾರೆ. ಪತಿ ಬರೆದಿಟ್ಟ ಪಟ್ಟಿಯಲ್ಲಿ 11 ಊರುಗಳಿದ್ದವು. ಶಾಲ್ಮಲಾ ಅವನ್ನು ನಾಲ್ಕಕ್ಕೆ ಇಳಿಸಿ, ಮೊದಲ ಗುರುವಾರ ತಾಯಿಯನ್ನು ಕಸೂತಿಪಟದ ಮುಂದೆ ಕರೆದೊಯ್ಯುವುದೆಂದು ಗೊತ್ತುಮಾಡಿದ್ದಾರೆ.