ಆಪ್ತಸಲಹೆ ಪ್ರಕರಣ: ಉತ್ತರವಿದ್ದದ್ದು ನೋಟ್‌ಬುಕ್ಕಿನಲ್ಲಿ

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಮಗಳ ಮುಂದಿನ ಓದಿನ ಬಗ್ಗೆ ಸಲಹೆ ಕೇಳಲು ಅಪ್ಪ, ಅಮ್ಮ, ಮಗಳು ಮೂವರೂ ಒಟ್ಟಿಗೆ ನನ್ನಲ್ಲಿಗೆ ಬಂದಿದ್ದರು. ಹಳಿ ದುರಸ್ತಿಗೆಂದು ಲೋಕಲ್ ರೈಲುಗಳನ್ನು ತಡೆಯುವ ಭಾನುವಾರದ ಮೆಗಾಬ್ಲಾಕ್, ಡೊಂಬಿವಲಿಯಿಂದ ಮಾಟುಂಗಾಕ್ಕೆ ಎರಡು ಗಂಟೆ ಹಿಡಿದಿತ್ತು. ಅಪ್ಪ ಕುಂದಾಪುರದ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಈಗ ಸ್ವಂತದ ಸಣ್ಣ ಹೋಟೆಲಿದೆ. ಮಗಳು ಎಂ.ಬಿ.ಬಿ.ಎಸ್. ಸೇರಿದ ವರ್ಷವೇ ಪಕ್ಕದ ಹತ್ತಡಿಯ ಕೊಠಡಿಯನ್ನು ಕೊಂಡು ಬೀಗ ಹಾಕಿಟ್ಟಿದ್ದರು. ಮುಂದೆ ಅಲ್ಲಿ ಅವಳ ದವಾಖಾನೆ ಆಗಬೇಕು ಎಂಬುದು ಅವರ ಲೆಕ್ಕ.

ಮಗಳನ್ನು ಇಲ್ಲಿ ಶಾಲಿನಿ ಎಂದು ಕರೆಯುತ್ತೇನೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಅದರ ಮೇಲೆ ಸರ್ಕಾರಿ ಕಾಲೇಜಿನಲ್ಲಿ ಓದಿದ್ದಕ್ಕಾಗಿ ಒಂದು ವರ್ಷದ ಬಾಂಡ್ ಸೇವೆ, ಎಲ್ಲವನ್ನೂ ಮುಗಿಸಿದ್ದಳು. ಎಂ.ಡಿ.ಯಂಥ ಸ್ನಾತಕೋತ್ತರ ಸೀಟುಗಳ ಪ್ರವೇಶ ಪರೀಕ್ಷೆ ನೀಟ್ ಪಿ.ಜಿ.ಯನ್ನು ಎರಡು ಸಲ ಬರೆದಿದ್ದಳು. ಇನ್ನೂರು ಪ್ರಶ್ನೆ, ಮೂರೂವರೆ ಗಂಟೆ. ಎರಡೂ ಸಲ ಜನರಲ್ ಮೆಡಿಸಿನ್, ಮಕ್ಕಳ ವಿಭಾಗ, ಚರ್ಮರೋಗ, ಈ ಮೂರಕ್ಕೂ ರ‍್ಯಾಂಕ್ ಸಾಕಾಗಲಿಲ್ಲ. ಅಷ್ಟರಲ್ಲಿ ವಿದೇಶೀ ಶಿಕ್ಷಣದ ಮೇಳವೊಂದರಲ್ಲಿ ಏಜೆಂಟ್ ಒಬ್ಬರು ಅಮೆರಿಕದ ಜೋಡಿ ಪದವಿಯ ಆಸೆ ಹುಟ್ಟಿಸಿದ್ದರು. ಸಾರ್ವಜನಿಕ ಆರೋಗ್ಯದ ಎಂ.ಪಿ.ಎಚ್. ಮತ್ತು ಎಂ.ಬಿ.ಎ. ಎರಡೂ ಒಂದೇ ಪಟ್ಟಿನಲ್ಲಿ. ಫೀಸು ಮತ್ತು ವಾಸದ ಖರ್ಚು ಸೇರಿ ಒಂದೂವರೆ ಕೋಟಿಗೆ ಹತ್ತಿರ. ಅಪ್ಪ ಹೋಟೆಲನ್ನೂ ಕೊಠಡಿಯನ್ನೂ ಅಡವಿಡಲು ಬ್ಯಾಂಕಿನಲ್ಲಿ ವಿಚಾರಿಸಿಯೂ ಆಗಿತ್ತು.

"ಅವಳು ಸೋತಳು ಎಂದು ಯಾರೂ ಹೇಳಬಾರದು ಮೇಡಂ" ಎಂದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದರು. ಎರಡು ಗಂಡುಗಳು ಕೇಳಿಕೊಂಡು ಬಂದಿದ್ದಾರೆ ಎಂಬುದನ್ನು ಮಾತ್ರ ಹೇಳಿದರು.

ಅಪ್ಪ ಆಡಿದ ಆ ಒಂದು ಮಾತಿನಲ್ಲೇ ಪ್ರಕರಣದ ಗಂಟು ಇತ್ತು ಎಂದು ನನಗೆ ಹೊಳೆದದ್ದು ಎರಡನೆಯ ಭೇಟಿಯಲ್ಲಿ. ಮೊದಲ ದಿನ ನಾನೂ ಫೀಸು, ಸಾಲ, ವೀಸಾ ಎಂದು ಮೇಲುಮೇಲಿನ ಮಾತುಗಳಲ್ಲೇ ಸಮಯ ಕಳೆದೆ. ಅದು ನನ್ನಿಂದ ಆದ ತಪ್ಪು.

ಎರಡನೆಯ ಸಲ ಶಾಲಿನಿಯನ್ನು ಒಬ್ಬಳನ್ನೇ ಬರಹೇಳಿದೆ. "ಕಳೆದ ಎರಡು ವರ್ಷಗಳಲ್ಲಿ ಯಾರೂ ಹೇಳದೆ ನೀನಾಗಿಯೇ ಮಾಡಿದ ಕೆಲಸ ಯಾವುದು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ತೆಗೆದಳು. ರಟ್ಟಿನ ಮೂಲೆಗಳು ಮಳೆಗೆ ನೆನೆದು ಉಬ್ಬಿದ್ದವು. ಬಾಂಡ್ ಸೇವೆಗೆ ಅವಳನ್ನು ಹಾಕಿದ್ದು ಪಾಲ್ಘರ್ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧಿ ತೆಗೆದುಕೊಳ್ಳಬೇಕು. ಅಲ್ಲಿಯ ರೋಗಿಗಳು ಎರಡು ಮೂರು ತಿಂಗಳಿಗೇ ಕಾಣೆಯಾಗುತ್ತಿದ್ದರು. ಅಸಡ್ಡೆ ಎಂದು ಕೇಂದ್ರದವರು ಬಗೆದಿದ್ದರು. ಇವಳು ಸ್ಕೇಲು ಹಿಡಿದು ಗೆರೆ ಎಳೆದು, ಹೆಸರಿನ ಬದಲು ಒಂದೊಂದು ಸಂಖ್ಯೆ ಹಾಕಿ, ಪಾಡ (ಆದಿವಾಸಿಗಳ ಕೇರಿ), ಮನೆಯವರ ಕೆಲಸ, ಕೊನೆಯ ಸಲ ಬಂದ ದಿನ ಎಲ್ಲವನ್ನೂ ಬರೆದಿಟ್ಟಿದ್ದಳು. ಕೊನೆಯ ದಿನಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಳು. ಸುತ್ತುಗಳೆಲ್ಲ ದೀಪಾವಳಿಯ ಹಿಂದು ಮುಂದಿನ ವಾರಗಳಲ್ಲೇ ಗುಂಪುಗಟ್ಟಿದ್ದವು.

"ಇಟ್ಟಿಗೆ ಭಟ್ಟಿಗೆ ಗುಳೆ ಹೋಗುತ್ತಾರೆ ಮೇಡಂ. ಭಿವಂಡಿಗೆ, ವಸಯಿಗೆ. ಮಳೆಗಾಲಕ್ಕೆ ಮೊದಲು ವಾಪಸು ಬರುತ್ತಾರೆ. ಅವರು ಔಷಧಿ ಬಿಟ್ಟವರಲ್ಲ, ಊರು ಬಿಟ್ಟವರು. ಹೊರಡುವ ವಾರ ಮೊದಲೇ ಗೊತ್ತಾದರೆ ಭಟ್ಟಿಯ ಹತ್ತಿರದ ಕೇಂದ್ರಕ್ಕೆ ಹೆಸರು ವರ್ಗಾಯಿಸಬಹುದು, ಕ್ಷಯರೋಗಿಗಳ ದಾಖಲೆಗೆ ಸರ್ಕಾರ ಮಾಡಿರುವ ನಿಕ್ಷಯ್ ಪೋರ್ಟಲಿನಲ್ಲಿ ಅದಕ್ಕೆ ದಾರಿ ಇದೆ."

ಇಷ್ಟು ಹೇಳುವಾಗ ಅವಳ ದನಿ ಬೇರೆಯೇ ಆಗಿತ್ತು. ಮೊದಲ ದಿನ ಅಪ್ಪಯ್ಯನ ಪಕ್ಕ ತಲೆ ತಗ್ಗಿಸಿ ಕುಳಿತವಳು ಇವಳೇನಾ ಎನಿಸಿತು.

"ಒಬ್ಬ ರೋಗಿಯನ್ನಲ್ಲ, ಇಡೀ ಸಮುದಾಯದ ಆರೋಗ್ಯವನ್ನು ನೋಡುವ ಈ ಕೆಲಸಕ್ಕೆಂದೇ ಎಂ.ಡಿ. ಇದೆಯಲ್ಲ, ಕಮ್ಯುನಿಟಿ ಮೆಡಿಸಿನ್. ನಿನ್ನ ರ‍್ಯಾಂಕಿಗೆ ಸಿಗುತ್ತಿರಲಿಲ್ಲವೇ?" ಎಂದೆ.

"ಸಿಗುತ್ತಿತ್ತು. ಎರಡೂ ಸಲ. ಸೀಟು ಆಯ್ಕೆಯ ಪಟ್ಟಿಯಲ್ಲಿ ಅದನ್ನು ತುಂಬಲೇ ಇಲ್ಲ" ಎಂದಳು. ಕಣ್ಣು ತುಂಬಿ ಬಂತು. "ಪಿ.ಎಸ್.ಎಂ., ಅಂದರೆ ಈ ಕಮ್ಯುನಿಟಿ ಮೆಡಿಸಿನ್, ತೆಗೆದುಕೊಂಡವರನ್ನು ನಮ್ಮ ಬ್ಯಾಚಿನಲ್ಲಿ ಡಾಕ್ಟರೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್ಪಯ್ಯನ ಕೊಠಡಿಯಲ್ಲಿ ಕುಳಿತು ಅದರಿಂದ ಏನು ಮಾಡಲಿ?"

ಈ ತಾತ್ಸಾರ ಅವಳ ಕಾಲೇಜಿಗೆ ಸೀಮಿತವಲ್ಲ. 2023ರಲ್ಲಿ ಸೀಟುಗಳು ಖಾಲಿ ಉಳಿದು, ನೀಟ್ ಪಿ.ಜಿ. ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ, ಅಂದರೆ ಪರೀಕ್ಷೆ ಬರೆದವರೆಲ್ಲರೂ ಅರ್ಹರು ಎನ್ನುವಷ್ಟಕ್ಕೆ, ಇಳಿಸಬೇಕಾಯಿತು. ಹಾಸಿಗೆಯ ಪಕ್ಕ ನಿಂತು ರೋಗಿಯನ್ನು ನೋಡದ ವಿಭಾಗಗಳತ್ತ ನಮ್ಮ ಮಕ್ಕಳು ತಿರುಗಿಯೂ ನೋಡುತ್ತಿಲ್ಲ. ಊರಿಗೆ ಊರೇ ಕೆಮ್ಮುವಾಗ ಏಕೆ ಎಂದು ಕೇಳುವ ವೈದ್ಯರನ್ನು ನಾವು ಕೀಳಾಗಿ ಕಾಣುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನಾನು ಕೊಟ್ಟ ಸಲಹೆಯನ್ನು, ಇಂಥದೇ ಕವಲಿನಲ್ಲಿ ನಿಂತವರಿಗೆ ನೆರವಾಗಬಹುದೆಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಎಂ.ಪಿ.ಎಚ್. ಒಳ್ಳೆಯ ಪದವಿ. ಆದರೆ ಅದು ರೋಗಿಯನ್ನು ನೋಡುವ ಪರವಾನಗಿ ಕೊಡುವುದಿಲ್ಲ, ಎಂ.ಡಿ.ಗೆ ಸಮವೂ ಅಲ್ಲ. ವೈದ್ಯಕೀಯ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಅಧ್ಯಾಪಕಿ ಆಗಬೇಕಾದರೆ ಎಂ.ಡಿ. ಇಲ್ಲವೇ ಅದಕ್ಕೆ ಸಮನಾದ ಪದವಿ ಬೇಕು. ಅಮೆರಿಕದಲ್ಲಿ ಎಂ.ಪಿ.ಎಚ್. ಮಾಡುವವರಲ್ಲಿ ಹೆಚ್ಚಿನವರು ಖರ್ಚನ್ನು ತಾವೇ ಭರಿಸುತ್ತಾರೆ. ಪಿಎಚ್.ಡಿ. ಹಾಗಲ್ಲ, ಅಲ್ಲಿ ಫೀಸು ಮಾಫಿಯಾಗಿ ಮಾಸಾಶನವೂ ಸಿಗುವುದು ಸಾಮಾನ್ಯ. ಒಳ್ಳೆಯ ಎಂ.ಬಿ.ಎ. ಶಾಲೆಗಳು ಕೆಲವು ವರ್ಷಗಳ ಕೆಲಸದ ಅನುಭವವನ್ನು ನಿರೀಕ್ಷಿಸುತ್ತವೆ. ಶಾಲಿನಿಗಿದ್ದದ್ದು ಒಂದೇ ವರ್ಷದ ಅನುಭವ. ಆಸ್ಪತ್ರೆ ನಡೆಸುವ ಆಸೆ ಅವಳಿಗೆ ಇರಲೂ ಇಲ್ಲ. ಹಾಗಾದರೆ ಆ ಜೋಡಿಯಲ್ಲಿ ಎಂ.ಬಿ.ಎ. ಯಾರಿಗಾಗಿ ಎಂದು ಕೇಳಿದೆ. "ಹೇಳಿಕೊಳ್ಳಲು" ಎಂದು ಅವಳೇ ಒಪ್ಪಿಕೊಂಡಳು.

ಅಮೆರಿಕದ ಎಂ.ಡಿ.-ಪಿಎಚ್.ಡಿ. ಜೋಡಿಯ ಬಗ್ಗೆಯೂ ಕೇಳಿದ್ದಳು. ಅದು ವೈದ್ಯ ಪದವಿಯನ್ನು ಇನ್ನೂ ಪಡೆಯದವರಿಗೆ, ಏಳೆಂಟು ವರ್ಷದ ದಾರಿ. ಇಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಅಲ್ಲಿ ವೈದ್ಯರಾಗಬೇಕಾದರೆ ಸಾಮಾನ್ಯವಾಗಿ ಅಲ್ಲಿಯ ಪರವಾನಗಿ ಪರೀಕ್ಷೆಯಾದ ಯು.ಎಸ್.ಎಂ.ಎಲ್.ಇ. ಬರೆದು ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಸೇರಬೇಕು. ಇನ್ನು ಸೋದರಮಾವ ಹೇಳಿದ ಉಪಾಯ: ಎಂ.ಡಿ. ಜೊತೆಗೇ ಆನ್‌ಲೈನಿನಲ್ಲಿ ಇನ್ನೊಂದು ಪದವಿ. ಏಕಕಾಲಕ್ಕೆ ಎರಡು ಪದವಿಗೆ ಯು.ಜಿ.ಸಿ. 2022ರಲ್ಲಿ ಒಪ್ಪಿಗೆ ಕೊಟ್ಟದ್ದು ನಿಜ. ಆದರೆ ವೃತ್ತಿಶಿಕ್ಷಣಕ್ಕೆ ಆಯಾ ಪರಿಷತ್ತಿನ ನಿಯಮವೇ ಕೊನೆಯ ಮಾತು. ಎಂ.ಡಿ. ವಿದ್ಯಾರ್ಥಿ ಪೂರ್ಣಾವಧಿಯ ರೆಸಿಡೆಂಟ್ ವೈದ್ಯೆ. ಅದು ಆಗದ ಮಾತು ಎಂದು ಅಲ್ಲಿಗೇ ಬಿಟ್ಟೆವು.

ಮುಂಬಯಿ ಪುಣೆಗಳಲ್ಲೇ ಇರುವ ಬಾಗಿಲುಗಳನ್ನು ಅವಳು ತಟ್ಟಿಯೇ ಇರಲಿಲ್ಲ. ದೇವನಾರಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಎರಡು ವರ್ಷದ ಎಂ.ಪಿ.ಎಚ್. ಇದೆ. ಅಲ್ಲೇ ಹತ್ತಿರದಲ್ಲಿ, 1956ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯಲ್ಲಿ ಜೈವಿಕ ಸಂಖ್ಯಾಶಾಸ್ತ್ರ ಮತ್ತು ಜನಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಇದೆ. ಪುಣೆ ವಿಶ್ವವಿದ್ಯಾಲಯದಲ್ಲೂ ಎಂ.ಪಿ.ಎಚ್. ಕಲಿಸುತ್ತಾರೆ. ಯಂತ್ರ ತಂತ್ರಗಳಲ್ಲಿ ಮನಸ್ಸಿರುವ ವೈದ್ಯರಿಗೆ ಖರಗಪುರದ ಐ.ಐ.ಟಿ.ಯಲ್ಲಿ ವೈದ್ಯ ವಿಜ್ಞಾನ ಮತ್ತು ತಂತ್ರಜ್ಞಾನದ ಮೂರು ವರ್ಷದ ಸ್ನಾತಕೋತ್ತರ ಪದವಿ ಎಂ.ಎಂ.ಎಸ್.ಟಿ. ಇದೆ, ಶಾಲಿನಿಗೆ ಅದು ಬೇಡವಾಗಿತ್ತು. "ನನ್ನ ಮಾತು ನಂಬಬೇಡ, ಒಂದು ದಿನ ದೇವನಾರಿಗೆ ಹೋಗಿ ಓದುತ್ತಿರುವವರ ಜೊತೆ ಚಹಾ ಕುಡಿದು ಬಾ" ಎಂದು ಕಳುಹಿಸಿದೆ. ಅಲ್ಲಿಯ ಎಂ.ಪಿ.ಎಚ್. ತರಗತಿಯಲ್ಲಿ ದಂತವೈದ್ಯರು, ನರ್ಸುಗಳು, ಆಯುರ್ವೇದದವರು, ಸಮಾಜಕಾರ್ಯ ಓದಿದವರು ಎಲ್ಲರೂ ಇರುತ್ತಾರೆ ಎಂಬುದು ಅವಳಿಗೆ ಇಷ್ಟವಾಯಿತು. ಆದರೆ ವೈದ್ಯೆಯಾಗಿ ಜಿಲ್ಲೆಯ ಕೆಲಸದಲ್ಲಿ ತೀರ್ಮಾನ ಮಾಡುವ ಜಾಗಕ್ಕೆ ಬರಬೇಕಾದರೆ ತನಗೆ ಎಂ.ಡಿ.ಯೇ ಸರಿ ಎಂದೂ ಅನಿಸಿತು.

ಹೀಗಾಗಿ ಕೊನೆಗೆ ನಾನು ಹೇಳಿದ್ದು ಇದು: ಈ ವರ್ಷ ಸಾಲ ಬೇಡ, ಅಡವು ಬೇಡ. ಮೂರನೆಯ ಸಲ ನೀಟ್ ಬರೆ. ಪಟ್ಟಿಯ ಮೊದಲ ಸಾಲಿನಲ್ಲೇ ಕಮ್ಯುನಿಟಿ ಮೆಡಿಸಿನ್ ಹಾಕು, ಕೊನೆಯ ಸಾಲಿನಲ್ಲಿ ಅಲ್ಲ. ಮೂರು ವರ್ಷ ಓದುತ್ತಲೇ ಸ್ಟೈಪೆಂಡ್ ಬರುತ್ತದೆ. ಮೂರು ತಿಂಗಳು ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲೇ ಕೆಲಸ ಮಾಡುವ ಜಿಲ್ಲಾ ರೆಸಿಡೆನ್ಸಿಯೂ ಇದೆ. ಅದು ಮುಗಿದ ಮೇಲೂ ವಿದೇಶದ ಆಸೆ ಉಳಿದರೆ, ಆಗ ನಿನ್ನದೇ ಪ್ರಶ್ನೆ ಹಿಡಿದು ಪಿಎಚ್.ಡಿ.ಗೆ ಅರ್ಜಿ ಹಾಕು. ಸೀಟು ಸಿಗದಿದ್ದರೆ ದೇವನಾರು ಎಲ್ಲಿಗೂ ಹೋಗುವುದಿಲ್ಲ.

ಅಪ್ಪನಿಗೆ ಹೇಳುವುದು ಕಷ್ಟವಿತ್ತು. ಅದನ್ನು ನಾನು ಹೇಳಲಿಲ್ಲ. ಮೂರನೆಯ ಭೇಟಿಯಲ್ಲಿ ಶಾಲಿನಿಯೇ ನೋಟ್‌ಬುಕ್ಕನ್ನು ಅಪ್ಪಯ್ಯನ ಮುಂದೆ ತೆರೆದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಕೆಂಪು ಸುತ್ತುಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಹೋಟೆಲಿನ ಉದ್ದರಿ ಲೆಕ್ಕ ಬರೆದ ಕೈ ಅದು, ಕಾಲಂಗಳನ್ನು ಓದಲು ಬರುತ್ತದೆ. "ಇವರೆಲ್ಲ ಮತ್ತೆ ಸಿಕ್ಕಿದರೇನು?" ಎಂದು ಕೇಳಿದರು. "ಹನ್ನೊಂದು ಜನ ಸಿಕ್ಕಿದರು ಅಪ್ಪಯ್ಯ" ಎಂದಳು. ಬಹಳ ಹೊತ್ತಿನ ಮೇಲೆ, "ಈ ಡಾಕ್ಟರು ಬೋರ್ಡಿನಲ್ಲಿ ಏನೆಂದು ಬರೆಸುತ್ತಾರೆ ಮೇಡಂ?" ಎಂದು ನನ್ನತ್ತ ತಿರುಗಿದರು. ಬೋರ್ಡ್ ಇರುವುದಿಲ್ಲ ಎಂದೆ. ತಲೆಯಾಡಿಸಿದರು. ಒಪ್ಪಿಗೆಯೋ ಬೇಸರವೋ ನನಗೆ ತಿಳಿಯಲಿಲ್ಲ. ಅಮ್ಮನಿಗೆ ಮಾತ್ರ ಒಂದು ಮಾತು ಹೇಳಿದೆ: ಮದುವೆಯ ಮಾತನ್ನು ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿ ಎತ್ತಬೇಡಿ. ಅವರು ಅದನ್ನು ಪಾಲಿಸಿದರು.

ಶಾಲಿನಿ ಈಗ ಪುಣೆಯಲ್ಲಿ ಎಂ.ಡಿ. ಎರಡನೆಯ ವರ್ಷದಲ್ಲಿದ್ದಾಳೆ. ಗುಳೆ ಹೋಗುವ ಕುಟುಂಬಗಳಲ್ಲಿ ಕ್ಷಯದ ಚಿಕಿತ್ಸೆ ಎಲ್ಲಿ ತುಂಡಾಗುತ್ತದೆ ಎಂಬುದನ್ನೇ ಪ್ರಬಂಧಕ್ಕೆ ಆರಿಸಿಕೊಂಡಿದ್ದಾಳೆ. ಕಳೆದ ದೀಪಾವಳಿಗೆ ಅವಳ ಅಪ್ಪಯ್ಯ ಫೋನ್ ಮಾಡಿದ್ದರು. ಕೊಠಡಿಯನ್ನು ಒಬ್ಬ ದರ್ಜಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಮಗಳು ಹಬ್ಬಕ್ಕೆ ಬಂದಿದ್ದಾಳೆಯೇ ಎಂದು ಕೇಳಿದೆ.

"ಇಲ್ಲ ಮೇಡಂ. ಹಬ್ಬ ಮುಗಿದ ಕೂಡಲೇ ಆ ಜನ ಹೊರಟುಬಿಡುತ್ತಾರಲ್ಲ. ಅದಕ್ಕೆ ಮೊದಲು ಅವರನ್ನೆಲ್ಲ ಕಾಣಬೇಕಲ್ಲವೇ?" ಎಂದರು.