ತಿದ್ದಿದ್ದು ಎರಡು ಸಾಲು, ತೋರಿಸಿದ್ದು ಆರುನೂರು

ಪ್ರಶ್ನೆ: ಓಪನ್ ಸೋರ್ಸ್ ಪ್ರಾಜೆಕ್ಟೊಂದರಲ್ಲಿ ಎರಡೇ ಸಾಲು ತಿದ್ದಿದೆ. ಪುಲ್ ರಿಕ್ವೆಸ್ಟ್‌ನಲ್ಲಿ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) 600 ಸಾಲಿನ ಫೈಲು ಪೂರ್ತಿ ಬದಲಾದಂತಿದೆ. ಏಕೆ?
– ವೆಬ್ ಡೆವಲಪರ್, ಜಯನಗರ, ಬೆಂಗಳೂರು

ಉತ್ತರ: ವಿಂಡೋಸ್ ಬಳಸುವವರಾದರೆ ಮೊದಲ ಅನುಮಾನ ಸಾಲಿನ ತುದಿಯ ಮೇಲೆ. ಅಲ್ಲಿ ವಿಂಡೋಸ್ ಕಣ್ಣಿಗೆ ಕಾಣದ ಎರಡು ಅಕ್ಷರ ಇಡುತ್ತದೆ, ಲಿನಕ್ಸ್ ಒಂದೇ. ಅಷ್ಟಕ್ಕೇ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಪ್ರತಿ ಸಾಲೂ ಹೊಸದು. ಕಾಣದ ಅಕ್ಷರಗಳ ವ್ಯತ್ಯಾಸ ಬಿಟ್ಟು ಮುಖ್ಯ ಬ್ರಾಂಚಿನೊಂದಿಗೆ ಹೋಲಿಸಲು ‘ಗಿಟ್ ಡಿಫ್ -ಡಬ್ಲ್ಯೂ ಮೇನ್’ (git diff -w main) ಕೊಡಿ. ಎರಡೇ ಸಾಲು ಉಳಿದರೆ ಕಳ್ಳ ಸಿಕ್ಕ. ಗಿಟ್ ಸೆಟ್ಟಿಂಗ್‌ನಲ್ಲಿ ಸಾಲಿನ ತುದಿಯನ್ನು ತಾನೇ ಸರಿಪಡಿಸುವ ‘ಕೋರ್.ಆಟೋಸಿಆರ್‌ಎಲ್‌ಎಫ್’ (core.autocrlf) ಅನ್ನು ‘ಟ್ರೂ’ ಮಾಡಿ, ‘ಗಿಟ್ ಆಡ್ --ರೀನಾರ್ಮಲೈಸ್ .’ (git add --renormalize .) ಕೊಟ್ಟು (ಕೊನೆಯ ಚುಕ್ಕಿ ಮರೆಯಬೇಡಿ) ಅದೇ ಬ್ರಾಂಚಿನಲ್ಲಿ ಕಮಿಟ್, ಪುಶ್ ಮಾಡಿ. ಹೊಸ ರಿಕ್ವೆಸ್ಟ್ ಬೇಡ, ಹಳೆಯದೇ ಸರಿಹೋಗುತ್ತದೆ.

ಆಗಲೂ ಫೈಲು ಪೂರ್ತಿ ಬದಲಾದಂತೆ ಕೆಂಪು-ಹಸಿರಾಗಿಯೇ ಇದ್ದರೆ, ಸೇವ್ ಮಾಡಿದಾಗಲೆಲ್ಲ ಕೋಡಿನ ರೂಪ ತಿದ್ದುವ ಎಡಿಟರ್‌ನ ‘ಫಾರ್ಮ್ಯಾಟ್ ಆನ್ ಸೇವ್’ ಒಂಟಿ ಕೋಟುಗಳನ್ನೆಲ್ಲ ಜೋಡಿ ಮಾಡಿರಬಹುದು. ಆ ಪ್ರಾಜೆಕ್ಟಿನ ಮಟ್ಟಿಗೆ ಅದನ್ನು ಆಫ್ ಮಾಡಿ.