ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿದರೆ ಮುಗಿಯಿತೇ?

ಸಂಪಾದಕರ ಉತ್ತರ

ಮಾನ್ಯ ಶಿಕ್ಷಕಿಯವರಿಗೆ ನಮಸ್ಕಾರಗಳು.

ನಿಮ್ಮ ನಾಲ್ಕು ಪುಟಗಳ ಪತ್ರ ತಲುಪಿದೆ. ಅದನ್ನು ಇದ್ದಂತೆಯೇ ಪ್ರಕಟಿಸಬೇಕೆಂದು ನೀವು ಕೋರಿದ್ದೀರಿ, ಅದು ಸಾಧ್ಯವಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು ಮಾಡಿದ, ಪೋಕ್ಸೊ ಎಂದು ಎಲ್ಲರೂ ಕರೆಯುವ 2012ರ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಮಾಧ್ಯಮಗಳು ಮಗುವಿನ ಹೆಸರು, ವಿಳಾಸ, ಭಾವಚಿತ್ರಗಳ ಜೊತೆಗೆ ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಬಹಿರಂಗಪಡಿಸುವಂತಿಲ್ಲ. (ಹುಡುಗಿಯ ಹೆಸರನ್ನು ಬದಲಿಸಿ ಶಾಲೆಯ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವ ನಮ್ಮ ವೃತ್ತಿಬಾಂಧವರು ಈ ಕಲಮನ್ನು ಪೂರ್ತಿ ಓದಿದಂತೆ ಕಾಣುವುದಿಲ್ಲ.) ಆದ್ದರಿಂದ ಊರು, ಜಿಲ್ಲೆಗಳ ಸುಳಿವು ಸಿಗದಂತೆ ಪತ್ರದ ಸಾರವನ್ನಷ್ಟೇ ಓದುಗರ ಮುಂದಿಡುತ್ತಿದ್ದೇನೆ.

ನಿಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ, ಹದಿನೈದು ವರ್ಷದ ವಿದ್ಯಾರ್ಥಿನಿಯೊಬ್ಬಳು ಐದು ತಿಂಗಳ ಗರ್ಭಿಣಿ ಎಂಬುದು ತಿಳಿದ ಕೂಡಲೇ ಮುಖ್ಯೋಪಾಧ್ಯಾಯರು ಅವಳ ತಂದೆಯನ್ನು ಕರೆಸಿ, ಶಾಲೆಯ ಮರ್ಯಾದೆಯ ಮಾತಾಡಿ, ಅಂದೇ ವರ್ಗಾವಣೆ ಪತ್ರ ಬರೆದುಕೊಟ್ಟರು. ಅದರಲ್ಲಿ ಶಾಲೆ ಬಿಡಲು ಕಾರಣ ‘ಪೋಷಕರ ಕೋರಿಕೆ’ ಎಂದೂ, ನಡತೆ ‘ಉತ್ತಮ’ ಎಂದೂ ಇದೆ. ಹುಡುಗ ದ್ವಿತೀಯ ಪಿಯುಸಿ ಓದುವವನು, ಸಂಬಂಧಿಕರವನೇ, ಹದಿನೇಳು ತುಂಬಿದವನು ಎಂದು ಹೇಳುತ್ತಾರೆ. ಎರಡೂ ಮನೆಯ ಹಿರಿಯರು ಕುಳಿತು ಮದುವೆಯ ಮಾತು ಮುಗಿಸಿದ್ದಾರೆ. ‘ನಾನು ತಿಳಿಸಿದರೆ ಎರಡು ಮನೆ ಹಾಳಾಗುತ್ತವೆ, ತಿಳಿಸದಿದ್ದರೆ ನಾನೇ ತಪ್ಪಿತಸ್ಥಳಾಗುತ್ತೇನೆ, ಏನು ಮಾಡಲಿ?’ ಎಂಬುದು ನಿಮ್ಮ ಪ್ರಶ್ನೆ.

ಉತ್ತರಿಸುವ ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿ ಮುಖ್ಯೋಪಾಧ್ಯಾಯರು ಹೇಳಿದ್ದಿದೆ, ತಂದೆ ಹೇಳಿದ್ದಿದೆ, ಹುಡುಗನ ಚಿಕ್ಕಪ್ಪ ಹೇಳಿದ್ದು ಅರ್ಧ ಪುಟದಷ್ಟಿದೆ. ಆ ಹುಡುಗಿ ಹೇಳಿದ್ದು ಒಂದು ಸಾಲೂ ಇಲ್ಲ. ನೀವು ಬಿಟ್ಟಿದ್ದೀರೆಂದು ನಾನು ಹೇಳುತ್ತಿಲ್ಲ. ಬಹುಶಃ ಅವಳನ್ನು ಯಾರೂ ಕೇಳಿಯೇ ಇಲ್ಲ. ‘ಇಬ್ಬರ ಒಪ್ಪಿಗೆಯಿಂದಲೇ ಆಗಿದೆ’ ಎಂಬುದು ದೊಡ್ಡವರ ಹೇಳಿಕೆ. ಅದು ನಿಜವಿರಬಹುದು. ಮನೆಯ ಒಳಗಿನವರೋ ಹಿರಿಯ ಬಂಧುವೋ ಮಾಡಿದ ಅನ್ಯಾಯವನ್ನು ಮುಚ್ಚಲು ಒಬ್ಬ ಹುಡುಗನನ್ನು ಮುಂದೆ ನಿಲ್ಲಿಸಿರುವ ಸಾಧ್ಯತೆಯೂ ಇಲ್ಲದಿಲ್ಲ. ಅದನ್ನು ತೀರ್ಮಾನಿಸುವ ಹೊಣೆ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ವಿಷಯವನ್ನು ತಿಳಿಸಲೇಬೇಕಾದ ಮೊದಲ ಕಾರಣ ಇದೇ.

ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಇಂಥ ವಿಷಯ ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ ಎಂಬ ಮಾತೂ ಅದೇ ಕಲಮಿನಲ್ಲಿದೆ. ಪೊಲೀಸ್ ಜೀಪು ಶಾಲೆಯ ಬಾಗಿಲಿಗೆ ಬರುತ್ತದೆಂದು ನೀವು ಹೆದರಿದ್ದೀರಿ. ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು; ಇಪ್ಪತ್ತನಾಲ್ಕು ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು; ವಿಚಾರಣೆ ಮುಗಿಯುವವರೆಗೆ ಅವಳ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಆ ಸಮಿತಿ ಒದಗಿಸಬಹುದು. ಎಲ್ಲ ಠಾಣೆಗಳಲ್ಲೂ ಇದೆಲ್ಲ ಹೀಗೆಯೇ ನಡೆಯುತ್ತದೆಂದು ಹೇಳುವಷ್ಟು ಮುಗ್ಧನಲ್ಲ ನಾನು. ಆದರೆ ಹೀಗೆ ನಡೆಯಬೇಕೆಂದು ಗೊತ್ತಿರುವ ಶಿಕ್ಷಕಿಯೊಬ್ಬರು ಪಕ್ಕದಲ್ಲಿದ್ದರೆ ಠಾಣೆಯ ಧಾಟಿಯೂ ಸ್ವಲ್ಪ ಬದಲಾಗುತ್ತದೆ. ನೇರವಾಗಿ ಠಾಣೆಗೆ ಹೋಗಲು ಅಳುಕಿದ್ದರೆ 1098ಕ್ಕೆ ಕರೆ ಮಾಡಿ, ಮಕ್ಕಳ ಸಹಾಯವಾಣಿಯವರ ನೆರವಿನಿಂದಲೇ ದೂರನ್ನು ಠಾಣೆಗೆ ಮುಟ್ಟಿಸಿ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ನಮ್ಮಲ್ಲಿ ನಡೆಯುವುದು ಇದಕ್ಕೆ ಪೂರ್ತಿ ವಿರುದ್ಧ. ಹುಡುಗಿಯ ಸುದ್ದಿ ಹಿಟ್ಟಿನ ಗಿರಣಿಯಿಂದ ಬಸ್ ನಿಲ್ದಾಣದವರೆಗೆ ಊರಿಗೆಲ್ಲ ಗೊತ್ತಿರುತ್ತದೆ, ತಿಳಿಯಬೇಕಾದ ಸಮಿತಿಗೆ ಮಾತ್ರ ಗೊತ್ತಿರುವುದಿಲ್ಲ. ಗುಟ್ಟನ್ನು ಕಾಪಾಡಬೇಕಾಗಿರುವುದು ಹುಡುಗಿಯ ಹಿತಕ್ಕಾಗಿ. ನಾವು ಕಾಪಾಡುವುದು ಸಂಸ್ಥೆಯ ಹಿತಕ್ಕಾಗಿ. ಇದಕ್ಕೆ ಸರ್ಕಾರದ ರೀತಿಯೂ ಒಂದಿಷ್ಟು ಕಾರಣವೆನ್ನಬೇಕು. 2024ರ ಜನವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, 2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯಲ್ಲಿ, ಸರ್ಕಾರಿ ವಸತಿ ವ್ಯವಸ್ಥೆಯಲ್ಲಿದ್ದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಹೆರಿಗೆಯಾದ ಸುದ್ದಿಯ ಬೆನ್ನಲ್ಲೇ ಅಮಾನತು ಆದೇಶಗಳು ಹೊರಬಿದ್ದವು. ನಿರ್ಲಕ್ಷ್ಯ ತೋರಿದವರ ಮೇಲೆ ಕ್ರಮ ಬೇಕು, ಸಂದೇಹವಿಲ್ಲ. ಆದರೆ ಉಳಿದ ಶಾಲೆಗಳ ಮುಖ್ಯಸ್ಥರು ಅದರಿಂದ ಕಲಿತ ಪಾಠ ಬೇರೆ: ಸುದ್ದಿಯಾಗುವ ಮೊದಲೇ ಹುಡುಗಿಯನ್ನು ದಾಖಲಾತಿಯಿಂದ ತೆಗೆದುಬಿಟ್ಟರೆ ನಮ್ಮ ಕೆಲಸ ಉಳಿಯುತ್ತದೆ. ನಿಮ್ಮ ಮುಖ್ಯೋಪಾಧ್ಯಾಯರು ದುಷ್ಟರೆಂದು ನನಗನ್ನಿಸುವುದಿಲ್ಲ, ಅವರು ಹೆದರಿದ್ದಾರೆ.

ಇನ್ನು ಅತ್ಯಂತ ತುರ್ತಿನ ವಿಷಯ. ಪತ್ರಿಕೆ ಅಚ್ಚಾಗುವವರೆಗೆ ಕಾಯಲಾಗದೆಂದೇ ಈ ಭಾಗವನ್ನು ನಿಮಗೆ ಮೊದಲೇ ಅಂಚೆಯಲ್ಲಿ ಕಳುಹಿಸಿದ್ದೇನೆ. ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ, 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಬಹುದು. ಈ ಎರಡನೆಯ ಅವಧಿಯ ಅವಕಾಶ ಪಡೆದವರಲ್ಲಿ ಅಪ್ರಾಪ್ತ ಹುಡುಗಿಯರೂ ಸೇರಿದ್ದಾರೆ. ಪೋಷಕರ ಲಿಖಿತ ಒಪ್ಪಿಗೆ ಬೇಕು. 24 ವಾರ ದಾಟಿತೆಂದರೆ ಇಂಥ ಪ್ರಕರಣಗಳಲ್ಲಿ ಹೈಕೋರ್ಟಿನ ಬಾಗಿಲಿಗೆ ಹೋಗಬೇಕಾಗುತ್ತದೆ. ಐದು ತಿಂಗಳೆಂದು ನೀವು ಬರೆದಿರುವುದು ಅಂದಾಜಿನ ಲೆಕ್ಕವಾಗಿರುವುದರಿಂದ ಒಂದೊಂದು ದಿನವೂ ಮುಖ್ಯ. ಹಾಗೆಂದು ಗರ್ಭಪಾತ ಮಾಡಿಸಿಯೇ ತೀರಬೇಕೆಂದು ನಾನು ಸೂಚಿಸುತ್ತಿಲ್ಲ. ಅವಳಿಗೆ ಆಯ್ಕೆಯಿದೆ ಎಂಬುದು ಅವಧಿ ಮೀರುವ ಮೊದಲೇ ಅವಳಿಗೆ ಗೊತ್ತಾಗಬೇಕು. ಪೊಲೀಸರ ಭಯದಿಂದ ಹುಡುಗಿಯರು ಆಸ್ಪತ್ರೆಗೇ ಹೋಗದೆ ನಾಟಿ ಮದ್ದು, ಅಂಗಡಿಯ ಮಾತ್ರೆಗಳ ಪಾಲಾಗುತ್ತಾರೆಂಬುದನ್ನು ಅರಿತೇ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ, ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲವೆಂದು ಸ್ಪಷ್ಟಪಡಿಸಿತು.

ಅವಳು ಹೆರಿಗೆಯನ್ನೇ ಆರಿಸಿಕೊಂಡರೆ ಆಸ್ಪತ್ರೆಯ ಭೇಟಿಗಳು ತಪ್ಪಬಾರದು. ಹದಿಹರೆಯದ ಬಸಿರಿನಲ್ಲಿ ರಕ್ತಹೀನತೆ, ರಕ್ತದೊತ್ತಡ ಏರಿ ನಂಜಾಗುವುದು, ಕಡಿಮೆ ತೂಕದ ಮಗು ಹುಟ್ಟುವುದು, ಇವೆಲ್ಲವುಗಳ ಅಪಾಯ ಹೆಚ್ಚು. ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತು ಎಂದು ವಯಸ್ಸು ಬರೆಸಿ ಮುಗಿಸೋಣವೆಂದು ಮನೆಯವರು ಯೋಚಿಸುತ್ತಿದ್ದಾರೆಂದು ಬರೆದಿದ್ದೀರಿ. ಹಾಗೆ ಮಾಡಿದರೆ ಹದಿನೈದರ ದೇಹಕ್ಕೆ ಬೇಕಾದ ವಿಶೇಷ ಎಚ್ಚರಿಕೆಯನ್ನು ವೈದ್ಯರು ವಹಿಸುವುದು ಹೇಗೆ? ಹುಟ್ಟಿದ ಮಗುವನ್ನು ಸಾಕಲು ಆಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾನೂನುಬದ್ಧವಾಗಿ ಒಪ್ಪಿಸಬಹುದು. ನಿರ್ಧಾರವನ್ನು ಮರುಪರಿಶೀಲಿಸಲು ಎರಡು ತಿಂಗಳ ಕಾಲಾವಕಾಶವಿದೆ. ಸಾಕುವುದಾದರೆ ತಂದೆಯ ಹೆಸರಿಲ್ಲದೆಯೂ ಅವಿವಾಹಿತ ತಾಯಿಯ ಮಗುವಿಗೆ ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ.

‘ಮಗುವಿಗೆ ಅಪ್ಪನ ಹೆಸರು ಬೇಡವೇ’ ಎಂಬ ಒಂದೇ ವಾದದ ಮೇಲೆ ಮದುವೆಯ ಮಾತು ನಿಂತಿರುವುದರಿಂದ ಇದನ್ನು ಹೇಳಬೇಕಾಯಿತು. 2016ರ ಕರ್ನಾಟಕ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಹುಡುಗನಿಗೆ ಇಪ್ಪತ್ತೊಂದು, ಹುಡುಗಿಗೆ ಹದಿನೆಂಟು ಆಗದೆ ಕಟ್ಟಿದ ತಾಳಿಗೆ ಕಾನೂನಿನ ಕಣ್ಣಲ್ಲಿ ಬೆಲೆಯಿಲ್ಲ, ಅದರ ಮೇಲೆ ಮಾಡಿಸಿದವರ ಮೇಲೆಲ್ಲ ಮೊಕದ್ದಮೆ. ಅಪ್ರಾಪ್ತ ಹೆಂಡತಿಯೊಂದಿಗಿನ ಸಂಭೋಗವೂ ಅತ್ಯಾಚಾರವೆಂದು 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿರುವುದರಿಂದ ಆ ಮದುವೆ ಹುಡುಗನನ್ನೂ ಕಾಪಾಡುವುದಿಲ್ಲ.

ಆ ಹುಡುಗನ ಬಗೆಗೂ ನಿಮಗೆ ಕನಿಕರವಿದೆ, ನನಗೂ ಇದೆ. ಹದಿನೆಂಟು ತುಂಬಿಲ್ಲವಾದರೆ ಅವನ ವಿಷಯ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಗಂಭೀರ ಆರೋಪವಾದ್ದರಿಂದ ಹದಿನಾರು ದಾಟಿದವನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂಬ ಪ್ರಾಥಮಿಕ ಪರಿಶೀಲನೆಯೂ ನಡೆಯುತ್ತದೆ. ಹದಿನೆಂಟು ದಾಟಿದ್ದರೆ, ಬಸಿರಾಗಿರುವ ಕಾರಣಕ್ಕೆ, ಕನಿಷ್ಠ ಇಪ್ಪತ್ತು ವರ್ಷಗಳ ಶಿಕ್ಷೆಯ ಕಲಮು ಅನ್ವಯಿಸುತ್ತದೆ. ಹದಿಹರೆಯದ ಪ್ರೀತಿಯನ್ನೂ ಹಸುಳೆಯ ಮೇಲಿನ ಪೈಶಾಚಿಕ ಕೃತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಕಟ್ಟುನಿಟ್ಟು ನನಗೆ ಸರಿಕಾಣುವುದಿಲ್ಲ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಸಮ್ಮತಿಯ ವಯಸ್ಸಿನ ಕುರಿತು ಮರುಚಿಂತನೆ ಮಾಡುವಂತೆ ಕಾನೂನು ಆಯೋಗಕ್ಕೆ ಸೂಚಿಸಿತ್ತು. ಮರುವರ್ಷ ಆಯೋಗ ತನ್ನ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದಿತು. ಹದಿನಾರರಿಂದ ಹದಿನೆಂಟರ ನಡುವಿನವರ ಪ್ರಕರಣಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆ ನ್ಯಾಯಾಧೀಶರಿಗಿರಲಿ ಎಂದಿತು. ನಿಮ್ಮ ವಿದ್ಯಾರ್ಥಿನಿ ಹದಿನೈದರವಳಾದ್ದರಿಂದ ಆ ಸಲಹೆ ಜಾರಿಗೆ ಬಂದರೂ ಇಲ್ಲಿ ತಾಗುವುದಿಲ್ಲ. ಕಾನೂನು ಒರಟಾಗಿದೆ ಎಂಬ ಕಾರಣಕ್ಕೆ ಅದರಿಂದ ಅವಳಿಗೆ ಸಿಗಬೇಕಾದ ಚಿಕಿತ್ಸೆ, ಪರಿಹಾರ, ರಕ್ಷಣೆಗಳನ್ನೂ ತಪ್ಪಿಸಿದರೆ ನಷ್ಟವಾಗುವುದು ಅವಳಿಗೇ.

ನಾಲ್ಕು ತಿಂಗಳಿಂದ ಅವಳು ಶುಚಿ ಯೋಜನೆಯ ಪ್ಯಾಡು ಕೇಳಿಯೇ ಇರಲಿಲ್ಲವೆಂದು ಈಗ ಹೊಳೆದು ನೀವು ನೊಂದಿದ್ದೀರಿ. ಆ ವಯಸ್ಸಿನಲ್ಲಿ ಮುಟ್ಟು ಹಿಂದುಮುಂದಾಗುವುದು ಸಾಮಾನ್ಯ. ಅವಳಿಗೇ ಬಹುದಿನ ತಿಳಿಯದೆ ಇದ್ದಿರಬಹುದು. ತಿಳಿಸಿಕೊಡುವವರಾದರೂ ಯಾರಿದ್ದರು? ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದ್ದರೂ ಅದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವ ಶಿಕ್ಷಕರು ಎಷ್ಟೋ ಮಂದಿ. 2007ರಲ್ಲಿ ದೇಹ, ಲೈಂಗಿಕತೆಗಳ ಬಗ್ಗೆ ತಿಳಿಸುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ‘ಸಂಸ್ಕೃತಿ’ಯ ಹೆಸರಿನಲ್ಲಿ ತಡೆಯೊಡ್ಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಆ ಪಾಠ ಸರಿಯಾಗಿ ಸಿಗದ ಈ ವರ್ಷಗಳಲ್ಲಿ ಮಕ್ಕಳೇನೂ ಕಲಿಯದೆ ಉಳಿಯಲಿಲ್ಲ, ಮೊಬೈಲಿನಿಂದ ಕಲಿತರು.

ಒಂದು ಅಂಕಿಯನ್ನು ನಿಮ್ಮ ಸಹೋದ್ಯೋಗಿಗಳ ಮುಂದೆಯೂ ಇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಶೇ 5.4ರಷ್ಟು ಮಂದಿ ಆಗಲೇ ತಾಯಂದಿರು ಅಥವಾ ಗರ್ಭಿಣಿಯರು. 20ರಿಂದ 24ರವರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು. ಅಂದರೆ ಶಾಲೆಯಲ್ಲಿರಬೇಕಾದ ವಯಸ್ಸಿನ ಬಸುರಿಯರಲ್ಲಿ ಬಹುಪಾಲು ಮಂದಿಯ ಕೊರಳಲ್ಲಿ ತಾಳಿಯಿದೆ, ಅವರಿಗೆ ಹಸಿರು ಬಳೆ ತೊಡಿಸಿ ಸೀಮಂತ ಮಾಡುತ್ತೇವೆ, ಶಾಲೆಯ ಹಾಜರಿ ಪುಸ್ತಕದಿಂದ ಅವರ ಹೆಸರು ಸದ್ದಿಲ್ಲದೆ ಜಾರಿದ್ದನ್ನು ಯಾರೂ ಹಗರಣವೆನ್ನುವುದಿಲ್ಲ. ತಾಳಿಯಿಲ್ಲದ ನಿಮ್ಮ ವಿದ್ಯಾರ್ಥಿನಿಯ ವಿಷಯದಲ್ಲಿ ಮಾತ್ರ ಶಾಲೆಯ ಮರ್ಯಾದೆ ನೆನಪಾಯಿತು.

ಕೊನೆಯದಾಗಿ ವರ್ಗಾವಣೆ ಪತ್ರ. ಗರ್ಭಿಣಿ ಎಂಬ ಕಾರಣಕ್ಕೆ ವಿದ್ಯಾರ್ಥಿನಿಯನ್ನು ಹೊರಗೆ ಕಳುಹಿಸುವ ಅಧಿಕಾರವನ್ನು ಯಾವ ನಿಯಮವೂ ಮುಖ್ಯೋಪಾಧ್ಯಾಯರಿಗೆ ಕೊಟ್ಟಿಲ್ಲ. ಅವಳು ಬೇರೆಲ್ಲೂ ದಾಖಲಾಗಿಲ್ಲವಾದ್ದರಿಂದ ಆ ಪತ್ರವನ್ನು ಹಿಂದಕ್ಕೆ ಪಡೆದು ಹೆಸರನ್ನು ಮುಂದುವರಿಸುವಂತೆ ತಂದೆಯಿಂದ ಒಂದು ಅರ್ಜಿ ಬರೆಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ಮಕ್ಕಳ ಕಲ್ಯಾಣ ಸಮಿತಿಗೂ ಕೊಡಿಸಿ. ಅದೇ ಶಾಲೆಗೆ, ಅದೇ ಬೆಂಚಿಗೆ ಮರಳಲು ಅವಳೇ ಒಪ್ಪದಿರಬಹುದು. ಆಗ ಬಲವಂತ ಬೇಡ. ಬೇರೆ ಊರಿನ ಶಾಲೆಯಿದೆ, ವಸತಿ ಸಹಿತ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಗೆ ಕಟ್ಟಬಹುದು. ಮುಖ್ಯೋಪಾಧ್ಯಾಯರು ಅರ್ಜಿಯನ್ನು ನಿರಾಕರಿಸಿದರೆ, ನಿರಾಕರಿಸಿದ ಕಾರಣವನ್ನು ಬರಹದಲ್ಲಿ ಕೇಳಿ, ಅದರ ಪ್ರತಿಯನ್ನು ನಮಗೆ ಕಳುಹಿಸಿ. ಹೆಸರುಗಳನ್ನು ಬದಿಗಿಟ್ಟು ಆ ಒಂದು ಹಾಳೆಯನ್ನು ಪ್ರಕಟಿಸಲು ನಮಗೆ ಯಾವ ಅಡ್ಡಿಯೂ ಇಲ್ಲ.

ವಿಶ್ವಾಸದಿಂದ,
ಸಂಪಾದಕ